ಬೀಗ ಕಿತ್ತು ನೋಡಿದ್ದು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಬೀಗದಕ್ಕ ಎನ್ನುತ್ತಿದ್ದರು. ಹಾಗಂತ ಅವಳು ಬೀಗ ಮಾರುವವಳೂ ಅಲ್ಲ, ರಿಪೇರಿಯವಳೂ ಅಲ್ಲ. ಆಸ್ಪತ್ರೆಯಲ್ಲಿ ಮಂಚದ ಪಕ್ಕದ ಕಂಬಕ್ಕೆ ಸಿಕ್ಕಿಸಿರುತ್ತಾರಲ್ಲ, ಔಷಧಿಯನ್ನು ಹನಿಹನಿಯಾಗಿ ನರಕ್ಕೆ ತಳ್ಳುವ ಡ್ರಿಪ್ ಪಂಪು, ಅದರೊಳಗಿನ ಪ್ರೋಗ್ರಾಂ ಬರೆಯುವ ಕಂಪನಿ ಅದು. ಪಂಪಿನ ಪುಟ್ಟ ತಲೆಯಲ್ಲಿ ಒಂದೇ ಹೊತ್ತಿಗೆ ಹಲವು ಕೆಲಸ ನಡೆಯುತ್ತಿರುತ್ತವೆ. ಒಂದು ಮೋಟರು ತಿರುಗಿಸುತ್ತದೆ, ಒಂದು ನರ್ಸ್ ಒತ್ತಿದ ಗುಂಡಿ ನೋಡುತ್ತದೆ, ಇನ್ನೊಂದು ನಳಿಗೆಯಲ್ಲಿ ಗಾಳಿಗುಳ್ಳೆ ಬಂತೇ ಎಂದು ಕಾಯುತ್ತದೆ. ‘ಇನ್ನೆಷ್ಟು ಔಷಧಿ ಹೋಗಬೇಕು’ ಎನ್ನುವ ಒಂದೇ ಸಂಖ್ಯೆಗೆ ಇವೆಲ್ಲ ಒಟ್ಟಿಗೆ ಕೈ ಹಾಕಿದವೋ, ಮುಗಿಯಿತು ಕಥೆ. ಒಂದು ಬರೆದದ್ದನ್ನು ಇನ್ನೊಂದು ಅಳಿಸಿ, ಒಂದು ಪಾಲು ಹೋಗಬೇಕಾದಲ್ಲಿ ಎರಡು ಪಾಲು ಹೋದರೂ ಹೋಯಿತು. ಹಾಗಾಗದಂತೆ, ಒಬ್ಬರು ಒಳಗಿರುವಾಗ ಉಳಿದವರನ್ನು ಬಾಗಿಲಲ್ಲೇ ನಿಲ್ಲಿಸುವ ಒಂದು ತುಂಡು ಕೋಡ್ ಇದೆ. ಅದಕ್ಕೆ ಬೀಗ ಎಂದೇ ಹೆಸರು. ಬರೆದವಳು ಇವಳು.

ಹೆಸರು ತಮಾಷೆಗೆ ಇಟ್ಟದ್ದಾದರೂ ಅವಳಿಗೆ ಒಳಗೊಳಗೇ ಖುಷಿಯಿತ್ತು. ವರ್ಷಾನುಗಟ್ಟಲೆ ಆ ಬೀಗ ಒಂದು ತಂಟೆಯಿಲ್ಲದೆ ದುಡಿದಿತ್ತು. ಎಷ್ಟೋ ಆಸ್ಪತ್ರೆಗಳಲ್ಲಿ, ಅವಳ ಅತ್ತಿಗೆ ಹಿರಿಯ ನರ್ಸ್ ಆಗಿರುವ ಮಕ್ಕಳ ವಾರ್ಡಿನಲ್ಲೂ, ಅದೇ ಬೀಗ ಇರುವ ಪಂಪುಗಳು ಕಂಬಕ್ಕೆ ನೇತಾಡುತ್ತಿದ್ದವು.

ಆ ದಿನ ಬೆಳಿಗ್ಗೆ ಕಾಫಿ ಲೋಟ ಇನ್ನೂ ಬಾಯಿಗೆ ತಾಗಿರಲಿಲ್ಲ, ಫೋನಿಗೆ ಮೆಸೇಜು ಬಂತು. ಹೊಸ ಪಂಪಿಗೆಂದು ಕಂಪನಿ ಅಗ್ಗದ, ಚಿಕ್ಕ ಚಿಪ್ ಒಂದನ್ನು ತಂದಿತ್ತು. ಅದರ ಮೇಲೆ ಬೀಗದ ಟೆಸ್ಟ್ ಓಡಿಸಿದ್ದರು. ಬಂದದ್ದು ಕೆಂಪು. ಕೆಂಪೆಂದರೆ ಫೇಲು.

ಅಣ್ಣ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಅತ್ತಿಗೆ ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಶೂ ಹುಡುಕುತ್ತಿದ್ದವಳು ನಾದಿನಿಯ ಮುಖ ನೋಡಿ ನಿಂತೇಬಿಟ್ಟಳು.

“ಏನೇ, ಮುಖ ಹೀಗ್ಯಾಕೆ ಸಪ್ಪಗಾಯ್ತು?”

“ಏನಿಲ್ಲ ಅತ್ತಿಗೆ.”

“ನೀನು ಏನಿಲ್ಲ ಅಂದ್ರೆ ಏನೋ ಇದೆ ಅಂತಲೇ ಅರ್ಥ. ಬಿಚ್ಚು ಬಾಯಿ.”

ಬೀಗದಕ್ಕ ಹೇಳಿದಳು. ಅತ್ತಿಗೆ ಪೂರ್ತಿ ಕೇಳಿಸಿಕೊಂಡು, ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತಳು.

“ನಮ್ಮ ವಾರ್ಡಲ್ಲಿರೋದು ಹಳೇ ಪಂಪು ತಾನೆ? ಅದಕ್ಕೇನಂತೆ?”

“ಹಳೇ ಚಿಪ್‌ನಲ್ಲಿ ಯಾವತ್ತೂ ಹಸಿರೇ ಬಂದಿದೆ. ಆದ್ರೆ ಬೀಗ ಅದೇ ಅತ್ತಿಗೆ. ಬೀಗದಲ್ಲೇ ತಪ್ಪಿದ್ರೆ, ಇಷ್ಟು ದಿನ ಅದೃಷ್ಟಕ್ಕೆ ಸಿಕ್ಕಿಬಿದ್ದಿಲ್ಲ ಅಂತಾಗುತ್ತೆ.”

“ಸುತ್ತಿ ಬಳಸಿ ಹೇಳ್ಬೇಡ. ನನಗೆ ಗೊತ್ತಾಗ್ಬೇಕಾದ್ದು ಒಂದೇ. ಇವತ್ತು ಆ ಪಂಪನ್ನ ನಂಬಬಹುದೋ, ಬೇಡವೋ?”

ಅಣ್ಣನ ಕೈಯಲ್ಲಿದ್ದ ಚಾಕು ಬ್ರೆಡ್ಡಿನ ಮೇಲೆಯೇ ನಿಂತಿತ್ತು. ಗೊತ್ತಿಲ್ಲ ಎಂದರೆ ಸಾಲದು ಎಂದು ಬೀಗದಕ್ಕನಿಗೆ ತಿಳಿಯಿತು.

“ಗೊತ್ತಾಗೋವರೆಗೂ ಬೇಡ,” ಎಂದಳು.

ಅತ್ತಿಗೆ ಎದ್ದಳು. ಶೂ ಹಾಕಿಕೊಂಡು ನಡೆದೇಬಿಟ್ಟಳು. ಬೀಗದಕ್ಕ ಆಫೀಸು ಮುಟ್ಟುವಷ್ಟರಲ್ಲಿ ಅತ್ತಿಗೆ ದೊಡ್ಡ ಡಾಕ್ಟರನ್ನು ಒಪ್ಪಿಸಿ, ವಾರ್ಡಿನ ಪಂಪುಗಳನ್ನೆಲ್ಲ ನಿಲ್ಲಿಸಿ, ಹಳೆಯ ಕಾಲದ ಹಾಗೆ ನಳಿಗೆಯ ತಿರುಪು ಕೈಯಲ್ಲಿ ತಿರುಗಿಸಿ ಔಷಧಿ ಬಿಡಲು ಶುರುಮಾಡಿದ್ದಳು. ಹನಿ ಬೀಳುವುದನ್ನು ಗಡಿಯಾರ ನೋಡಿಕೊಂಡು ಎಣಿಸಬೇಕು. ಒಂದು ಮಂಚ ಮುಗಿಸಿ ಇನ್ನೊಂದಕ್ಕೆ, ಅದು ಮುಗಿಸಿ ಮತ್ತೆ ಮೊದಲನೆಯದಕ್ಕೆ.

“ಮಧ್ಯಾಹ್ನದವರೆಗೆ ಹೇಗೋ ತೂಗಿಸ್ತೀವಿ ಕಣೇ,” ಎಂದಳು ಫೋನಿನಲ್ಲಿ. “ಆಮೇಲೆ ನಮ್ಮ ಕೈಲಾಗಲ್ಲ. ಮಕ್ಕಳು ಒಂದು ಕಡೆ ಇರಲ್ಲ, ಕೈ ಆಡಿಸ್ತಾವೆ, ಹನಿ ಹೆಚ್ಚು ಕಮ್ಮಿ ಆಗುತ್ತೆ. ಬೇಗ ಏನಾದ್ರೂ ಒಂದು ಹೇಳು.”

ಆಫೀಸಿನಲ್ಲಿ ಮ್ಯಾನೇಜರು ಬಾಗಿಲಲ್ಲೇ ಕಾಯುತ್ತಿದ್ದರು. ಎಲ್ಲ ಆಸ್ಪತ್ರೆಗಳಿಗೂ ‘ಪಂಪು ನಿಲ್ಲಿಸಿ’ ಎಂದು ತಿಳಿಸಬೇಕೋ ಬೇಡವೋ ಎನ್ನುವುದು ಅವರ ತಲೆನೋವು. ಅವರ ಪಕ್ಕದಲ್ಲಿ ಅರ್ಜೆಂಟು ನಿಂತಿದ್ದ. ಅರ್ಜೆಂಟು ಎಂದರೆ ಬೀಗದಕ್ಕನ ಓರಗೆಯವನೇ, ಎರಡು ಮಕ್ಕಳ ತಂದೆ, ಕೆಲಸದಲ್ಲಿ ಬಲು ಚುರುಕು. ಆದರೆ ಎದುರಿಗಿದ್ದವರ ವಾಕ್ಯವನ್ನೂ ತಾನೇ ಮುಗಿಸಿಬಿಡುವಷ್ಟು ಅವಸರ. ಊಟವನ್ನೂ ನಿಂತೇ ಮಾಡುತ್ತಿದ್ದ ಪುಣ್ಯಾತ್ಮ.

ಟೆಸ್ಟ್ ನಿಜಕ್ಕೂ ಸರಳವಾದದ್ದು. ನಾಲ್ಕು ಥ್ರೆಡ್ಡುಗಳು, ನಾಲ್ಕು ಜನ ಆಳುಗಳೆಂದೇ ಇಟ್ಟುಕೊಳ್ಳಿ. ನಡುವೆ ಒಂದೇ ಒಂದು ಎಣಿಕೆ. ಪ್ರತಿಯೊಬ್ಬನೂ ತಲಾ ಲಕ್ಷ ಸಲ ಬೀಗ ತೆಗೆದು ಒಳಗೆ ಹೋಗಬೇಕು, ಎಣಿಕೆ ಎಷ್ಟಿದೆ ನೋಡಿಕೊಳ್ಳಬೇಕು, ಒಂದು ಸೇರಿಸಬೇಕು, ಮತ್ತೆ ನೋಡಬೇಕು. ಮೊದಲು ನೋಡಿದ್ದಕ್ಕಿಂತ ಸರಿಯಾಗಿ ಒಂದು ಹೆಚ್ಚಿದ್ದರೆ ಸರಿ. ಇಲ್ಲವೆಂದರೆ ತಾನು ಒಳಗಿರುವಾಗಲೇ ಇನ್ಯಾರೋ ನುಗ್ಗಿ ಎಣಿಕೆ ಮುಟ್ಟಿದ್ದಾರೆ, ಬೀಗ ಸೋರಿದೆ. ಆಗ ಟೆಸ್ಟ್ ಅಲ್ಲೇ ನಿಂತು ಕೆಂಪು ತೋರಿಸುತ್ತದೆ. ಇವರಿಬ್ಬರೂ ಕಂಪನಿಗೆ ಸೇರುವ ಮೊದಲೇ ಯಾರೋ ಬರೆದಿಟ್ಟಿದ್ದ ಟೆಸ್ಟದು. ‘ಯಾರೋ ನುಗ್ಗಿದ್ದಾರೆ’ ಎಂದು ಕೂಗುತ್ತಿತ್ತೇ ಹೊರತು ಎಷ್ಟನೆಯ ಎಣಿಕೆಯಲ್ಲಿ ಎಂದು ಹೇಳುವ ಸೌಜನ್ಯ ಅದಕ್ಕಿರಲಿಲ್ಲ.

ಬೀಗದಕ್ಕ ಮೊದಲು ತನ್ನ ಬೀಗದ ಕೋಡನ್ನೇ ಸಾಲು ಸಾಲಾಗಿ ಓದಿದಳು. ತಪ್ಪು ಕಾಣಲಿಲ್ಲ. ಮತ್ತೆ ಓದಿದಳು. ತಾನು ಬರೆದದ್ದರಲ್ಲಿ ತನಗೆ ತಪ್ಪು ಕಾಣುವುದಾದರೂ ಹೇಗೆ ಎಂದು ಹೆದರಿಕೆ ಹತ್ತಿತು. ಕಣ್ಣ ಮುಂದೆ ಅತ್ತಿಗೆಯ ವಾರ್ಡು ಬರುತ್ತಿತ್ತು. ಅಲ್ಲಿಯ ಮಕ್ಕಳಲ್ಲಿ ಯಾರಿಗಾದರೂ ಎಂದಾದರೂ ಒಂದು ಹನಿ ಹೆಚ್ಚು ಹೋಗಿ, ಯಾರಿಗೂ ಕಾರಣ ಗೊತ್ತಾಗದೆ ಉಳಿದಿದ್ದರೆ? ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು.

ಬಂದವಳು ಬೀಗವನ್ನು ಬಿಟ್ಟು ಟೆಸ್ಟಿಗೆ ಕೈ ಹಾಕಿದಳು. ಕೆಂಪು ತೋರಿಸುವಾಗ ಎಣಿಕೆ ಎಷ್ಟಾಗಬೇಕಿತ್ತು ಎಂದೂ ಹೇಳು ಎಂದು ಒಂದು ಸಾಲು ಸೇರಿಸಿ ಓಡಿಸಿದಳು. ಮತ್ತೊಮ್ಮೆ ಓಡಿಸಿದಳು. ಮತ್ತೂ ಒಮ್ಮೆ.

“ಎಷ್ಟು ಸಲ ಓಡಿಸಿದ್ರೂ ಅದೇ ಕೆಂಪು ಅಕ್ಕಾ,” ಎಂದ ಅರ್ಜೆಂಟು. “ಯಾಕೆ ಸುಮ್ನೆ ಕಣ್ಣು ಹಾಳು ಮಾಡ್ಕೋತೀರಾ?”

“ಅದೇ ಕೆಂಪು ಅಷ್ಟೇ ಅಲ್ರೀ, ಅದೇ ಸಂಖ್ಯೆ! ಬನ್ನಿ ಇಲ್ಲಿ, ಓದಿ.”

ಅವನು ಬಗ್ಗಿ ಓದಿದ. ಮೂವತ್ತೆರಡು ಸಾವಿರದ ಏಳ್ನೂರ ಅರವತ್ತೆಂಟು. ಮೂರು ಸಲವೂ ಅಷ್ಟೇ. ಈ ಕಸುಬಿನವರಿಗೆ ಆ ಸಂಖ್ಯೆ ಗೊತ್ತಿಲ್ಲದಿರಲು ಸಾಧ್ಯವೇ ಇಲ್ಲ.

“ಅಯ್ಯೋ ದೇವರೇ!” ಎಂದು ಅರ್ಜೆಂಟು ಹಣೆ ಚಚ್ಚಿಕೊಂಡ.

“ಕಳ್ಳ ನುಗ್ಗಿದ್ರೆ ಒಂದು ಸಲ ಎರಡು ಸಾವಿರದಲ್ಲಿ ನುಗ್ತಾನೆ, ಒಂದು ಸಲ ಹತ್ತು ಸಾವಿರದಲ್ಲಿ. ದಿನಾ ಅದೇ ಹೊತ್ತಿಗೆ, ಅದೇ ಬಾಗಿಲಿಗೆ ಬರೋನು ಕಳ್ಳ ಅಲ್ಲ,” ಎಂದಳು ಬೀಗದಕ್ಕ. ಬೆಳಗಿನಿಂದ ಹಿಡಿದಿದ್ದ ಉಸಿರು ಸ್ವಲ್ಪ ಸಡಿಲವಾಯಿತು.

ಅದೇನೆಂದರೆ, ಕಂಪ್ಯೂಟರಿನಲ್ಲಿ ಪ್ರತಿ ಸಂಖ್ಯೆಗೂ ಒಂದು ಡಬ್ಬಿ ಗೊತ್ತುಮಾಡಬೇಕು. ‘ಇಂಟ್’ ಎಂದು ಬರೆದರೆ ಹಳೆಯ ಚಿಪ್ ದೊಡ್ಡ ಡಬ್ಬಿ ಕೊಡುತ್ತಿತ್ತು, ಕೋಟಿಗಟ್ಟಲೆ ಎಣಿಸಿದರೂ ತುಂಬದು. ಹೊಸ ಚಿಪ್ ಅದೇ ಹೆಸರಿಗೆ ಪುಟ್ಟ ಡಬ್ಬಿ ಕೊಡುತ್ತದೆ. ಮೂವತ್ತೆರಡು ಸಾವಿರದ ಚಿಲ್ಲರೆಗೆ ತುಂಬಿ, ಮುಂದಿನದಕ್ಕೆ ಗಿರಕಿ ಹೊಡೆದು ಮೈನಸ್ ಸಂಖ್ಯೆ ತೋರಿಸುತ್ತದೆ. ಟೆಸ್ಟಿನಲ್ಲಿ ನಡುವಿನ ಎಣಿಕೆ ‘ಇಂಟ್’ ಡಬ್ಬಿಯಲ್ಲಿತ್ತು, ಆಳುಗಳು ನೋಡಿಕೊಂಡದ್ದನ್ನು ಇಡುತ್ತಿದ್ದುದು ‘ಲಾಂಗ್’ ಎನ್ನುವ ದೊಡ್ಡ ಡಬ್ಬಿಯಲ್ಲಿ. ಸಣ್ಣದು ತುಂಬಿ ತಿರುಗಿದಾಗ ದೊಡ್ಡದಕ್ಕೂ ಅದಕ್ಕೂ ತಾಳೆಯಾಗಲಿಲ್ಲ. ಟೆಸ್ಟ್ ಬೀಗದ ಮೇಲೆ ಗೂಬೆ ಕೂರಿಸಿತು.

ಕೋಡನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರು ಇದನ್ನೆಲ್ಲ ಮೊದಲೇ ಗೊಣಗಿ ಹೇಳುತ್ತದೆ. ಆದರೆ ಯಾರೋ ಎಂದೋ ಅದರ ಬಾಯಿ ಮುಚ್ಚಿಸಿಟ್ಟಿದ್ದರು. ಬಾಯಿ ಬಿಡಿಸಿದ್ದೇ ತಡ, ಪರದೆಯ ತುಂಬ ಹಳದಿ ಸಾಲುಗಳು. ಈ ಡಬ್ಬಿ ಆ ಡಬ್ಬಿಗೆ ಹೊಂದುವುದಿಲ್ಲ, ಅಲ್ಲಿಂದ ಇಲ್ಲಿಗೆ ಸುರಿದರೆ ಚೆಲ್ಲುತ್ತದೆ, ಅಂತ.

“ಬಿಡಿ ಅಕ್ಕಾ, ಇದು ನನಗೆ ನೀರು ಕುಡಿದಷ್ಟು ಸುಲಭ,” ಎಂದು ಅರ್ಜೆಂಟು ಕುರ್ಚಿಯನ್ನೂ ಎಳೆದುಕೊಳ್ಳದೆ ನಿಂತೇ ಕೀಲಿಮಣೆ ಕುಟ್ಟತೊಡಗಿದ. ಎಲ್ಲವನ್ನೂ ಒಂದೇ ಅಳತೆಗೆ ತಂದರೆ ಜಗಳವೇ ಇಲ್ಲವಲ್ಲ? ಕಂಡ ಕಂಡಲ್ಲಿ ‘ಇಂಟ್’ ಮಾಡಿದ. ಒಂದೆರಡು ಕಡೆ ಕಂಪೈಲರು ಇನ್ನೂ ಗೊಣಗಿತು, ಅಲ್ಲಿಯೂ ‘ನಾನು ಹೇಳಿದ್ದೀನಿ, ಇಂಟ್ ಅಂತ ತಿಳ್ಕೋ’ ಎಂದು ಚೀಟಿ ಅಂಟಿಸಿದ. ಗೊಣಗಾಟ ನಿಂತಿತು. ಟೆಸ್ಟ್ ಓಡಿಸಿದ. ಹಸಿರು!

ಆಫೀಸಿಗೆ ಆಫೀಸೇ ಚಪ್ಪಾಳೆ ತಟ್ಟಿತು. ಮ್ಯಾನೇಜರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಸಾಕಪ್ಪಾ, ಬದುಕಿದೆ. ಆಸ್ಪತ್ರೆಗಳಿಗೆ ಏನೂ ಹೇಳೋದು ಬೇಡ, ಎಲ್ಲಾ ಸರಿಯಾಯ್ತು,” ಎಂದರು. ಬೀಗದಕ್ಕ ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದಳು. ಪಂಪು ಹಚ್ಚಿ ಅತ್ತಿಗೆ, ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು.

ಫೋನು ಬಡಿದುಕೊಂಡಿತು, ಬಡಿದುಕೊಂಡಿತು, ಅತ್ತಿಗೆ ಎತ್ತಲಿಲ್ಲ. ಎತ್ತುವುದೆಲ್ಲಿಂದ? ಎರಡು ಕೈಗೂ ಕೆಲಸ, ಕಣ್ಣು ಹನಿಯ ಮೇಲೆ. ಮತ್ತೊಮ್ಮೆ ಮಾಡಲೆಂದು ಹೊರಟ ಬೀಗದಕ್ಕ ಹಾಗೇ ನಿಂತಳು. ಏನೋ ಕಿರಿಕಿರಿ. ಬೆಳಗಿನಿಂದ ಈ ಟೆಸ್ಟನ್ನು ಎಷ್ಟು ಸಲ ಓಡಿಸಿಲ್ಲ? ಹಳೆಯ ಚಿಪ್‌ನಲ್ಲಿ ಅದು ಮುಗಿಯುವಷ್ಟರಲ್ಲಿ ಒಂದು ಟೀ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ಈಗ ಅರ್ಜೆಂಟು ಗುಂಡಿಯಿಂದ ಬೆರಳೆತ್ತುವ ಮೊದಲೇ ಹಸಿರು ಬಂದಿತ್ತು.

“ರೀ ಅರ್ಜೆಂಟು, ಇಷ್ಟು ಬೇಗ ಹೇಗ್ರೀ ಮುಗೀತು?”

“ಹೊಸ ಚಿಪ್ ಅಲ್ವಾ, ಚುರುಕಾಗಿದೆ.”

“ಚುರುಕು ಅಂತ ನಾಲ್ಕು ಲಕ್ಷ ಸಲ ಕಣ್ಣು ಮಿಟುಕಿಸೋದ್ರಲ್ಲಿ ಮಾಡುತ್ತಾ? ನೀವೇ ಬೇಕು ಅದಕ್ಕೆ!”

ಅವನು ನಕ್ಕ, ಆದರೆ ಅರ್ಧಕ್ಕೇ ನಿಲ್ಲಿಸಿದ. ಬೀಗದಕ್ಕ ಪರದೆಯ ಮುಂದೆ ಕುಳಿತಳು.

“ಬೀಗ ಕಿತ್ತು ಹಾಕ್ತೀನಿ,” ಎಂದಳು.

“ಏನು?” ಎಂದರು ಮ್ಯಾನೇಜರು.

“ಬೀಗದ ಸಾಲನ್ನೇ ತೆಗೆದು ಓಡಿಸ್ತೀನಿ ಸರ್. ಬಾಗಿಲು ಹಾರುಹೊಡೆದಿದೆ, ಯಾರು ಬೇಕಾದ್ರೂ ನುಗ್ಗಬಹುದು. ಟೆಸ್ಟಿಗೆ ಕಣ್ಣಿದ್ರೆ ಕೆಂಪು ಬರ್ಲೇಬೇಕು.”

“ಹಸಿರು ಬಂದಿದ್ಯಲ್ಲಮ್ಮಾ! ಬಂದ ಹಸಿರನ್ನ ಯಾಕೆ ಕೆಡಿಸ್ತೀಯಾ?” ಎಂದು ಮ್ಯಾನೇಜರು ಅಕ್ಷರಶಃ ಕೈ ಮುಗಿದರು. ಅವರ ಸಂಕಟ ಅವರಿಗೆ. ಬೀಗದಕ್ಕ ಕೇಳಲಿಲ್ಲ. ತಾನೇ ಬರೆದ ಬೀಗವನ್ನು ತಾನೇ ಅಳಿಸಿ ಓಡಿಸಿದಳು.

ಹಸಿರು.

ಬೀಗವೇ ಇಲ್ಲ, ಆದರೂ ಹಸಿರು! ಬೀಗದಕ್ಕ ಫೋನನ್ನು ದೂರ ಸರಿಸಿದಳು. ಈ ಕುರುಡು ಹಸಿರನ್ನು ನಂಬಿಕೊಂಡು ಪಂಪು ಹಚ್ಚಿ ಎನ್ನಲು ಹೊರಟಿದ್ದಳಲ್ಲ ಅವಳು! ಅತ್ತಿಗೆ ಫೋನು ಎತ್ತಿದ್ದರೆ ಹೇಳಿಯೂ ಬಿಟ್ಟಿರುತ್ತಿದ್ದಳು. ಅರ್ಜೆಂಟಿನ ಮುಖ ಬೂದಿಯಾಗಿತ್ತು. ಯಾರೂ ಅವನನ್ನು ಬೈಯಲಿಲ್ಲ, ಅದೇ ಅವನಿಗೆ ಬೈದದ್ದಕ್ಕಿಂತ ಹೆಚ್ಚಾಯಿತು.

“ನಾನೇನೋ ಮಾಡಿಟ್ಟೆ ಅಕ್ಕಾ,” ಎಂದ ಮೆಲ್ಲಗೆ, ಬಂದು ಪಕ್ಕದಲ್ಲಿ ಕುಳಿತುಕೊಂಡ. ಅವನು ಆಫೀಸಿನಲ್ಲಿ ಕುಳಿತದ್ದನ್ನು ಅಂದು ಹಲವರು ಮೊದಲ ಸಲ ನೋಡಿದರು.

“ಮಾಡಿಟ್ಟದ್ದು ಎಲ್ಲಿ ಅಂತ ಹುಡುಕೋಣ, ಬನ್ನಿ. ಆಳುಗಳನ್ನ ಕೇಳೋಣ. ನೀನು ಎಷ್ಟು ಸಲ ಒಳಗೆ ಹೋಗ್ಬೇಕು ಅಂತ ನಿನಗೆ ಹೇಳಿದ್ದಾರಪ್ಪಾ, ಅಂತ.”

ಕೇಳಿದರು. ಉತ್ತರ ಬಂತು. ಮೈನಸ್ ಮೂವತ್ತೊಂದು ಸಾವಿರದ ಚಿಲ್ಲರೆ.

ಇಬ್ಬರೂ ಬಗ್ಗಿ ಮತ್ತೊಮ್ಮೆ ಓದಿದರು. ಆಮೇಲೆ ಬೀಗದಕ್ಕನಿಗೆ ನಗು ಉಕ್ಕಿ ಬಂತು, ತಡೆಯಲಾಗದೆ ಮೇಜಿಗೆ ತಲೆಯಿಟ್ಟು ನಕ್ಕಳು. ಒಂದು ಲಕ್ಷ ಎನ್ನುವ ಸಂಖ್ಯೆಯನ್ನೂ ಅರ್ಜೆಂಟು ಪುಟ್ಟ ಡಬ್ಬಿಗೆ ತುರುಕಿದ್ದ. ಹಿಡಿಯದೆ ಗಿರಕಿ ಹೊಡೆದು ಅದು ಮೈನಸ್ ಆಗಿತ್ತು. ಕಂಪೈಲರು ಕೊನೆಯ ಸಲ ಗೊಣಗಿದ್ದು ಇದನ್ನೇ, ಅದರ ಬಾಯಿಗೇ ಚೀಟಿ ಅಂಟಿಸಿದ್ದು. ಮೈನಸ್ ಮೂವತ್ತೊಂದು ಸಾವಿರ ಸಲ ಕೆಲಸ ಮಾಡು ಎಂದರೆ ಯಾವ ಆಳು ತಾನೇ ಏನು ಮಾಡಿಯಾನು? ನಾಲ್ವರೂ ‘ನಮ್ಮದು ಆಗಲೇ ಮುಗಿದಿದೆ’ ಎಂದು ಒಂದು ಸಲವೂ ಒಳಗೆ ಕಾಲಿಡದೆ ಕೈಕಟ್ಟಿ ಕುಳಿತಿದ್ದರು. ಯಾರೂ ಹೋಗದಿದ್ದ ಮೇಲೆ ಯಾರು ಯಾರ ಮೇಲೆ ನುಗ್ಗಬೇಕು? ತಪ್ಪೇನೂ ಕಾಣಲಿಲ್ಲ, ಹಸಿರು.

“ನನ್ನ ಮಕ್ಕಳೂ ಹೀಗೇ ಹೋಮ್‌ವರ್ಕ್ ಮುಗಿಸೋದು,” ಎಂದ ಅರ್ಜೆಂಟು. ಮ್ಯಾನೇಜರಿಗೂ ನಗು ಬಂತು, ಆದರೆ ಗಡಿಯಾರ ನೋಡಿ ನುಂಗಿಕೊಂಡರು.

ಈ ಸಲ ಕೆಲಸ ನಿಧಾನಕ್ಕೆ ನಡೆಯಿತು. ಚಿಪ್ ಬದಲಾದರೂ ಅಗಲ ಬದಲಾಗದ ಡಬ್ಬಿಗಳಿವೆ. ಎಷ್ಟು ಅಗಲ ಎಂದು ಅವುಗಳ ಹೆಸರಿನಲ್ಲೇ ಬರೆದಿರುತ್ತದೆ. ಎಣಿಕೆಗೂ ಅದೇ, ಆಳುಗಳು ನೋಡಿಕೊಳ್ಳುವುದಕ್ಕೂ ಅದೇ, ಎಷ್ಟು ಸಲ ಎನ್ನುವುದಕ್ಕೂ ಅದೇ ಡಬ್ಬಿ. ಬೀಗದಕ್ಕ ಒಂದೊಂದೇ ಸಾಲು ಗಟ್ಟಿಯಾಗಿ ಓದಿದಳು, ಅರ್ಜೆಂಟು ತಿದ್ದಿದ. ಅಂಟಿಸಿದ ಚೀಟಿಗಳನ್ನೆಲ್ಲ ಅವನೇ ಕಿತ್ತ. ಪ್ರತಿ ಆಳೂ ಕೊನೆಯಲ್ಲಿ ತಾನು ಎಷ್ಟು ಸಲ ಹೋದೆ ಎಂದು ಹೇಳಬೇಕು, ಲಕ್ಷಕ್ಕೆ ಒಂದು ಕಡಿಮೆಯಾದರೂ ಕೆಂಪು ಎಂದು ಇನ್ನೊಂದು ಸಾಲನ್ನೂ ಸೇರಿಸಿದರು. ಕಂಪೈಲರು ತುಟಿಪಿಟಕ್ಕೆನ್ನಲಿಲ್ಲ, ಯಾರೂ ಬಾಯಿ ಮುಚ್ಚಿಸದೆಯೇ.

“ಬೀಗ ಇಲ್ಲದೇ ಮೊದಲು,” ಎಂದಳು ಬೀಗದಕ್ಕ.

ಗುಂಡಿ ಒತ್ತಿದಳು. ಇಡೀ ಆಫೀಸು ಅವಳ ಕುರ್ಚಿಯ ಹಿಂದೆ ನಿಂತಿತ್ತು. ಜೀವಮಾನದಲ್ಲಿ ಯಾರೂ ಕೆಂಪಿಗಾಗಿ ಅಷ್ಟು ಹಂಬಲಿಸಿರಲಿಕ್ಕಿಲ್ಲ.

ಕೆಂಪು ಬಂತು! ಎರಡು ಸಾವಿರದ ಹತ್ತಿರ. ಮತ್ತೆ ಓಡಿಸಿದರು, ಕೆಂಪು, ಈ ಸಲ ಎಂಬತ್ತು ಸಾವಿರ ದಾಟಿ. ಇನ್ನೊಮ್ಮೆ, ಹನ್ನೊಂದು ಸಾವಿರದಲ್ಲಿ. ಅಸಲಿ ಕಳ್ಳರು, ಹೊತ್ತಲ್ಲದ ಹೊತ್ತಿನಲ್ಲಿ ನುಗ್ಗುವವರು. ಅರ್ಜೆಂಟು “ಬಂತು ಬಂತು!” ಎಂದು ಕೂಗಿದ. ಪಕ್ಕದ ವಿಭಾಗದವರು ಇಣುಕಿ ನೋಡಿ, ಟೆಸ್ಟ್ ಫೇಲಾದದ್ದಕ್ಕೆ ಇವರು ಕುಣಿಯುತ್ತಿರುವುದನ್ನು ಕಂಡು ತಲೆ ಕೆಟ್ಟಿದೆ ಎಂದುಕೊಂಡು ಹೋದರು. ಟೆಸ್ಟಿಗೆ ಕಣ್ಣು ಬಂದಿತ್ತು.

ಬೀಗದಕ್ಕ ಬೀಗವನ್ನು ತಿರುಗಿ ಅದರ ಜಾಗದಲ್ಲಿಟ್ಟಳು. ಈಗಿನದೇ ನಿಜವಾದದ್ದು. ಒತ್ತಿದಳು. ಕೆಂಪೂ ಬರಲಿಲ್ಲ, ಹಸಿರೂ ಬರಲಿಲ್ಲ, ಪರದೆಯಲ್ಲಿ ಎಣಿಕೆ ಏರುತ್ತಲೇ ಇತ್ತು. ಮೂವತ್ತೆರಡು ಸಾವಿರ ದಾಟಿತು. ಲಕ್ಷ ದಾಟಿತು. ಮ್ಯಾನೇಜರು ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದರು. ಎರಡು ಲಕ್ಷ, ಮೂರು ಲಕ್ಷ. ಅವಳು ಕಣ್ಣು ಮುಚ್ಚಿಕೊಂಡಳು.

“ಅಕ್ಕಾ, ನೋಡಿ,” ಎಂದ ಅರ್ಜೆಂಟು.

ಹಸಿರು. ನಾಲ್ವರೂ ತಲಾ ಲಕ್ಷ, ಒಬ್ಬರ ಮೇಲೊಬ್ಬರು ಬೀಳದೆ. ಹಳೆಯ ಚಿಪ್‌ನ ಮೇಲೂ ಅದೇ ಟೆಸ್ಟ್ ಓಡಿಸಿದರು. ಬೀಗ ಕಿತ್ತರೆ ಕೆಂಪು, ಇಟ್ಟರೆ ಹಸಿರು. ಚಪ್ಪಾಳೆ ಈ ಸಲ ಯಾರೂ ತಟ್ಟಲಿಲ್ಲ. ಎಲ್ಲರೂ ದೊಡ್ಡದೊಂದು ಉಸಿರು ಬಿಟ್ಟು ಅಲ್ಲಲ್ಲೇ ಕುಳಿತರು.

ಅತ್ತಿಗೆ ಈ ಸಲ ಫೋನು ಎತ್ತಿದಳು. ಹಿಂದಿನಿಂದ ಮಕ್ಕಳ ಅಳು, ಪಾತ್ರೆಯ ಸದ್ದು.

“ಹೇಳು.”

“ಪಂಪು ಹಚ್ಚಿ ಅತ್ತಿಗೆ. ಬೀಗ ಸರಿ ಇದೆ. ಟೆಸ್ಟೇ ತಪ್ಪಿತ್ತು.”

“ನೀನೇ ನೋಡಿದ್ಯಾ, ಅಥವಾ ಸುಮ್ನೆ ಅಂದುಕೊಂಡ್ಯಾ?”

“ನೋಡ್ದೆ. ಬೀಗ ಕಿತ್ತೂ ನೋಡ್ದೆ, ಇಟ್ಟೂ ನೋಡ್ದೆ.”

ಅತ್ತಿಗೆ ಆ ಕಡೆ ತಿರುಗಿ, “ಹಚ್ರೇ ಎಲ್ಲಾ,” ಎಂದು ಕೂಗಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದಾಗ ಅವಳ ದನಿ ಬೇರೆಯಾಗಿತ್ತು.

“ಅಬ್ಬಾ, ಸದ್ಯ ಹೇಳಿದ್ಯಲ್ಲ! ಈಗ ಸ್ವಲ್ಪ ಹೊತ್ತಿನ ಹಿಂದೆ ನನಗೇ ಎಣಿಕೆ ತಪ್ತು ಕಣೇ. ಕಿಟಕಿ ಪಕ್ಕದ ಮಂಚದ ಮಗು. ನನಗೋ ಸುಸ್ತಾಗಿ ಹೋಗಿತ್ತು, ಎಷ್ಟಕ್ಕೆ ಬಂದಿದ್ದೆ ಅನ್ನೋದೇ ಮರ್ತು ಹೋಯ್ತು. ಹನಿ ಜಾಸ್ತಿ ಬಿಟ್ಬಿಟ್ಟೆ. ಜೊತೆಗಿದ್ದವಳು ನೋಡಿ ಓಡಿಬಂದು ತಿರುಪು ಬಿಗಿ ಮಾಡಿದ್ಲು.”

ಬೀಗದಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. “ಮಗು?”

“ಚೆನ್ನಾಗಿದೆ. ಡಾಕ್ಟರೂ ನೋಡಿದ್ರು. ಹಸಿವು ಅಂತ ಗಲಾಟೆ ಮಾಡ್ತಾ ಇದೆ.”

ಬೆಳಿಗ್ಗೆ ‘ಬೇಡ’ ಎಂದಾಗ ಬೀಗದಕ್ಕ ಅದನ್ನೇ ಅಪಾಯವಿಲ್ಲದ ಮಾತು ಎಂದುಕೊಂಡಿದ್ದಳು. ಪಂಪು ನಿಂತ ಮೇಲೆ ಪಂಪಿನ ಕೆಲಸವನ್ನು ಯಾರಾದರೂ ಮಾಡಲೇಬೇಕಿತ್ತು. ಆ ಯಾರಾದರೂ ತನ್ನ ಅತ್ತಿಗೆಯೇ ಆಗಿದ್ದಳು, ಆ ಕೈಗಳಿಗೂ ದಣಿವಾಗುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಹೇಳಬಾರದಿತ್ತೇ? ಹೇಳಲೇಬೇಕಿತ್ತು. ಹೇಳಿದ್ದಕ್ಕೇ ಅತ್ತಿಗೆಗೆ ಎಣಿಕೆ ತಪ್ಪಿದ್ದೂ ನಿಜ, ಆದರೆ ಮಗು ಚೆನ್ನಾಗಿತ್ತು.

“ಅತ್ತಿಗೆ, ನಾನು…”

“ಏನೂ ಹೇಳ್ಬೇಡ. ನಾಳೆ ಹೀಗೇ ಆದ್ರೂ ನೀನು ಬೇಡ ಅಂತಲೇ ಹೇಳ್ಬೇಕು, ನಾನು ನಿಲ್ಲಿಸ್ಲೇಬೇಕು. ಫೋನ್ ಇಡಬೇಡ, ಎಲ್ಲಾ ಹಚ್ಚೋವರೆಗೂ ಸುಮ್ನೆ ಇರು. ಒಬ್ಬಳೇ ಪಂಪಿನ ಸದ್ದು ಕೇಳಿಸ್ಕೊಳ್ಳೋಕೆ ನನಗೆ ಭಯ.”

ಅವಳು ಇಡಲಿಲ್ಲ. ಒಂದು ಪಂಪು ಶುರುವಾದ ಸದ್ದು ಕೇಳಿತು, ಸಣ್ಣಗೆ, ಪಕ್ಕದಲ್ಲಿ ಇನ್ನೊಂದು, ಸ್ವಲ್ಪ ದೂರದಲ್ಲಿ ಮತ್ತೊಂದು. ಅತ್ತಿಗೆ ಮಂಚದಿಂದ ಮಂಚಕ್ಕೆ ನಡೆಯುತ್ತಾ, ಪ್ರತಿ ಸಲವೂ “ಇದೂ ಸರಿ” ಎನ್ನುತ್ತಿದ್ದಳು. ಕಿಟಕಿ ಪಕ್ಕದ ಮಂಚಕ್ಕೆ ಬಂದಾಗ ಮಾತ್ರ ಪಂಪಿನ ಮೇಲಿನ ಸಂಖ್ಯೆಯನ್ನು ಗಟ್ಟಿಯಾಗಿ ಎರಡೆರಡು ಸಲ ಓದಿದಳು. ಆಮೇಲೆ, “ಇದೂ ಸರಿ ಇದೆ ಕಣೇ,” ಎಂದು ಅತ್ತಳು. ಇತ್ತ ಬೀಗದಕ್ಕನೂ ಆಫೀಸಿನ ನಟ್ಟನಡುವೆ, ಎಲ್ಲರೂ ನೋಡುತ್ತಿರುವಂತೆಯೇ, ಫೋನು ಹಿಡಿದುಕೊಂಡು ಗಟ್ಟಿಯಾಗಿ ಅತ್ತಳು.